ವನದೇವಿಗೆ ಸಹಿ ಮಾಡುವ ಹಕ್ಕಿಲ್ಲ

ಸೊಲ್ಲಾಪುರ ಜಿಲ್ಲೆಯಲ್ಲಿ ಕಾಡು ಎನ್ನುವಂಥದ್ದು ನೂರಕ್ಕೆ ಒಂದು ಪಾಲೂ ಇಲ್ಲ. ಎರೆಹೊಲ, ಕಲ್ಲುಮಾಳ, ಜಾಲಿಗಂಟಿ, ಅಲ್ಲೊಂದು ಇಲ್ಲೊಂದು ಬೇವು, ಅಷ್ಟೇ. ಆದ್ದರಿಂದ ನಮ್ಮ ಕಡೆ ಕಾಡಿನ ಬಗ್ಗೆ ಭಾಷಣ ಮಾಡುವುದು ಬಲು ಸಲೀಸು. ತಪ್ಪು ಹೇಳಿದರೂ ಎದ್ದು ಕೇಳುವವರಿಲ್ಲ. ಪ್ರತಿ ವರ್ಷ ಆಗಸ್ಟ್ 9 ಬಂತೆಂದರೆ ವಿಶ್ವ ಆದಿವಾಸಿ ದಿನದ ಫಲಕ ಕಟ್ಟುತ್ತಾರೆ, ಅತಿಥಿಗಳಿಗೆ ಶಾಲು ಹೊದಿಸುತ್ತಾರೆ, ಆಮೇಲೆ ಯಾರಾದರೊಬ್ಬರು ಮೈಕಿನ ಮುಂದೆ ನಿಂತು ಆ ಮಾತು ಹೇಳಿಯೇ ಹೇಳುತ್ತಾರೆ: ಆದಿವಾಸಿಗಳಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ, ಅಲ್ಲಿ ಹೆಣ್ಣೇ ಕಾಡಿನ ತಾಯಿ, ಆ ಪರಂಪರೆಯಿಂದ ನಾವು ಕಲಿಯಬೇಕೇ ಹೊರತು ಅದರಲ್ಲಿ ಕೈ ಹಾಕಬಾರದು. ಚಪ್ಪಾಳೆ. ಚಹಾ.

ಈ ಮಾತಿಗೆ ತಲೆದೂಗದವರನ್ನು ನಾನು ಕಂಡಿಲ್ಲ. ಪರಿಸರವಾದಿ ಒಪ್ಪುತ್ತಾನೆ, ಪಟ್ಟಣದ ದುರಾಸೆಗೆ ಎದುರಾಗಿ ನಿಲ್ಲಿಸಲು ಅವನಿಗೊಂದು ಪುಣ್ಯಭೂಮಿ ಬೇಕು. ಸಂಸ್ಕೃತಿಯ ಗುತ್ತಿಗೆ ಹಿಡಿದವನು ಒಪ್ಪುತ್ತಾನೆ, ಹೆಣ್ಣು ಎಂದರೆ ತಾಯಿ ಎನ್ನುವುದು ಅವನ ಹಳೆಯ ಪಾಠ. ಆದಿವಾಸಿಗಳ ಹಕ್ಕಿಗಾಗಿ ಹೋರಾಡುವವನೂ ಒಪ್ಪುತ್ತಾನೆ, ಒಗ್ಗಟ್ಟು ಮುರಿಯಬಾರದು ಎಂಬ ಕಾರಣಕ್ಕೆ. ಬೇರೆ ಯಾವ ವಿಷಯದಲ್ಲೂ ಒಂದೇ ಚಾಪೆಯ ಮೇಲೆ ಕೂರದ ಇಷ್ಟು ಜನ ಇದೊಂದರಲ್ಲಿ ಒಂದಾಗುತ್ತಾರೆ ಎಂದರೆ, ಆ ಮಾತಿನಿಂದ ಯಾರಿಗೂ ಏನೂ ಖರ್ಚಾಗುವುದಿಲ್ಲ ಎಂದೇ ಅರ್ಥ. ಖರ್ಚಾಗುವುದು ಒಬ್ಬಳಿಗೆ ಮಾತ್ರ. ಅವಳು ಸಭೆಗೆ ಬಂದಿರುವುದಿಲ್ಲ, ಎಲೆ ಕೀಳಲು ಹೋಗಿರುತ್ತಾಳೆ.

ಎಲೆಯ ಮಾತು ಬಂತಲ್ಲ, ಅಲ್ಲಿಂದಲೇ ಹೊರಡೋಣ. ಸೊಲ್ಲಾಪುರದಲ್ಲಿ ಕಾಡಿಲ್ಲ ಎಂದೆ. ಅದು ಅರ್ಧ ಸತ್ಯ. ಇಲ್ಲಿ ಮನೆಮನೆಯ ಮೊರದಲ್ಲಿ ಕಾಡಿದೆ, ಒಣಗಿಸಿ, ಕಟ್ಟು ಕಟ್ಟಿ, ಗೋಣಿಯಲ್ಲಿ ತುಂಬಿ ತಂದ ಕಾಡು. ಬೀಡಿ ಸುತ್ತುವ ತೆಂದು ಎಲೆ. ಗಡಚಿರೋಲಿ, ಚಂದ್ರಪುರದ ಕಡೆ ಏಪ್ರಿಲ್ ಕೊನೆಯಿಂದ ಬಿಸಿಲು ನೆತ್ತಿ ಸುಡುವ ದಿನಗಳಲ್ಲಿ ಹೆಂಗಸರು ನಸುಕಿನಲ್ಲೇ ಕಾಡು ಹೊಕ್ಕು ಈ ಎಲೆ ಕೀಳುತ್ತಾರೆ. ಮನೆಗೆ ತಂದು ಮಕ್ಕಳು ಮುದುಕರೆನ್ನದೆ ಎಲ್ಲರೂ ಕೂತು ಕಟ್ಟು ಮಾಡುತ್ತಾರೆ. ಮಹಾರಾಷ್ಟ್ರದಲ್ಲಿ 70 ಎಲೆಗೆ ಒಂದು ಕಟ್ಟು, 1,000 ಕಟ್ಟಿಗೆ ಒಂದು ಚೀಲ. ಅಂದರೆ ಒಂದು ಚೀಲಕ್ಕೆ 70,000 ಸಲ ಕೈ ಚಾಚಬೇಕು. ಆ ಎಲೆ ಲಾರಿ ಹತ್ತಿ ಬಂದು ಇಲ್ಲಿ ಇನ್ನೊಬ್ಬ ಹೆಂಗಸಿನ ಮಡಿಲಿಗೆ ಬೀಳುತ್ತದೆ. ಅವಳು ಅದನ್ನು ನೆನೆಸಿ, ಕತ್ತರಿಯಿಂದ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ, ಸಾವಿರದ ಲೆಕ್ಕದಲ್ಲಿ ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸುತ್ತಾಳೆ. ಆ ತುದಿಯಲ್ಲಿ ಹೆಣ್ಣು, ಈ ತುದಿಯಲ್ಲಿ ಹೆಣ್ಣು. ನಡುವೆ? ಎಲೆಯ ದರ ಕಟ್ಟುವ ಗುತ್ತಿಗೆದಾರ, ಅವನೊಡನೆ ಮಾತಿಗೆ ಕೂರುವ ಊರ ಮುಖಂಡ, ಕಟ್ಟು ಎಣಿಸುವ ಗುಮಾಸ್ತ, ಗೋದಾಮಿನ ಮಾಲೀಕ, ಸುತ್ತಿದ ಬೀಡಿಯಲ್ಲಿ ಅರ್ಧ ಹಿಡಿ ಆರಿಸಿ ಬದಿಗೆಸೆಯುವ ಪರೀಕ್ಷಕ. ಇವರಲ್ಲಿ ಎಷ್ಟು ಜನ ಸೀರೆ ಉಟ್ಟವರು? ಎಣಿಸಲು ಒಂದು ಕೈಯ ಬೆರಳೂ ಬೇಕಾಗುವುದಿಲ್ಲ.

ಈ ಎರಡು ತುದಿಗಳ ಹೆಂಗಸರ ನಡುವೆ ಒಂದು ವ್ಯತ್ಯಾಸವಿದೆ. ಸೊಲ್ಲಾಪುರದಿಂದ ಅಕ್ಕಲಕೋಟೆಯ ಹಾದಿ ಹಿಡಿದರೆ ಕುಂಭಾರಿ ಸಿಗುತ್ತದೆ. ಅಲ್ಲಿ 10,000 ಮನೆಗಳ ಒಂದು ದೊಡ್ಡ ವಸಾಹತು. ಬೀಡಿ ಕಟ್ಟುವ ಹೆಂಗಸರ ಸಹಕಾರಿ ಸಂಘ ವರ್ಷಗಟ್ಟಲೆ ಮೆರವಣಿಗೆ, ಧರಣಿ, ಅರ್ಜಿಗಳ ಹಿಂದೆ ಬಿದ್ದು ಪಡೆದದ್ದು. 2006ರಲ್ಲಿ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಬಂದು ಬೀಗದ ಕೈ ಕೊಟ್ಟರು. ಈ ಹೆಂಗಸರನ್ನು ಯಾರೂ 'ತಂಬಾಕಿನ ತಾಯಿ' ಎಂದು ಹಾಡಿ ಹೊಗಳಲಿಲ್ಲ. ಬಹುಶಃ ಅದಕ್ಕೇ ಅವರಿಗೆ ಮನೆ ಸಿಕ್ಕಿತು. ಹೊಗಳಿಕೆ ಸಿಗದವಳು ಕೂಲಿ ಕೇಳುತ್ತಾಳೆ. ಕಾಡಿನಂಚಿನವಳಿಗೆ ಹೊಗಳಿಕೆಯನ್ನೇ ಕೂಲಿಯೆಂದು ಕೊಟ್ಟು ಕಳಿಸಿದ್ದೇವೆ.

ಆ ವಸಾಹತಿಗಿರುವ ಹೆಸರು ಗೋದುತಾಯಿ ಪರುಳೇಕರ್. ಬಸ್ಸಿನ ಕಿಟಕಿಯಿಂದ ಆ ಫಲಕ ಓದುವ ನಮ್ಮವರಲ್ಲಿ ಎಷ್ಟು ಮಂದಿಗೆ ಆಕೆ ಯಾರೆಂದು ಗೊತ್ತೋ ಕಾಣೆ. 1945ರಲ್ಲಿ ಠಾಣೆ ಜಿಲ್ಲೆಯ ವಾರಲಿ ಆದಿವಾಸಿಗಳನ್ನು ಬಿಟ್ಟಿ ಚಾಕರಿಯ ವಿರುದ್ಧ ಎಬ್ಬಿಸಿ ನಿಲ್ಲಿಸಿದವರು. ಮದುವೆಗೆ ಸಾಲ ತೆಗೆದವನು ಹೆಂಡತಿಯ ಸಮೇತ ಜಮೀನ್ದಾರನ ಆಳಾಗುತ್ತಿದ್ದ ಕಾಲ ಅದು. ಆ ಹೆಂಡತಿಯ ಮೈಮೇಲೂ ಜಮೀನ್ದಾರನಿಗೆ ಅಧಿಕಾರವಿತ್ತು. ಗೋದಾವರಿ ಪರುಳೇಕರ್ ಅಲ್ಲಿ ಹೋಗಿ 'ಮೊದಲು ನೆಲದ ಪ್ರಶ್ನೆ ತೀರಲಿ, ಹೆಣ್ಣಿನದು ಆಮೇಲೆ' ಎನ್ನಲಿಲ್ಲ. ಎರಡನ್ನೂ ಒಟ್ಟಿಗೇ ಎತ್ತಿಕೊಂಡರು. ಇಂದು ಆಕೆಯ ಹೆಸರಿನಲ್ಲಿ ಸಭೆ ಮಾಡುವವರ ಬಾಯಲ್ಲೇ ಆ 'ಆಮೇಲೆ' ಎಂಬ ಪದ ಕೇಳಿ ಕಿವಿ ತೂತಾಗಿದೆ.

ಇನ್ನು ಆ 'ಭೇದವಿಲ್ಲ' ಎಂಬ ಮಾತನ್ನು ಬಿಸಿಲಿಗೆ ಹಿಡಿಯೋಣ. ಗಡಚಿರೋಲಿಯ ಗೊಂಡರ, ಮಾಡಿಯಾಗಳ ಹಲವು ಊರುಗಳಲ್ಲಿ ಊರಂಚಿಗೆ ಒಂದು ಗುಡಿಸಲಿರುತ್ತದೆ. ಹೆಸರು ಕುರ್ಮಾ ಘರ. ತಿಂಗಳ ಆ ದಿನಗಳಲ್ಲಿ ಹೆಣ್ಣು ಅಲ್ಲಿರಬೇಕು. ಹಾವು ಚೇಳಿನ ನಡುವೆ, ಸರಿಯಾದ ಬಾಗಿಲಿಲ್ಲದೆ. ಕಾಡಿನ ತಾಯಿಗೆ ತಿಂಗಳಲ್ಲಿ ಐದು ದಿನ ಊರೊಳಗೆ ಜಾಗವಿಲ್ಲ! ನಮ್ಮ ಕರ್ನಾಟಕದ ಕಡೆಯೇನು ಕಡಿಮೆ? ತುಮಕೂರು, ಚಿತ್ರದುರ್ಗದ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನು ಕೂಸಿನೊಡನೆ ಊರಾಚೆ ಗುಡಿಸಲಿಗೆ ಕಳಿಸುವ ರೂಢಿ ಸತ್ತಿಲ್ಲ. 2023ರ ಮಳೆಗಾಲದಲ್ಲಿ ತುಮಕೂರಿನ ಹತ್ತಿರದ ಗೊಲ್ಲರಹಟ್ಟಿಯೊಂದರಲ್ಲಿ ಹಾಗೆ ಹೊರಗಿಟ್ಟ ಎಳೆಗೂಸು ಥಂಡಿಗೆ ಸತ್ತಿತು. ಪರಂಪರೆಯಲ್ಲಿ ಕೈ ಹಾಕಬಾರದು ಎನ್ನುವ ಮಹನೀಯರೇ, ಆ ಕೂಸಿನ ಗುಡಿಸಲಿಗೂ ಕೈ ಹಾಕಬಾರದಿತ್ತೆ?

ದೇವರಕಾಡುಗಳನ್ನು ನಾವು ಮೆಚ್ಚಿ ಮೆಚ್ಚಿ ಬರೆಯುತ್ತೇವೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚಿವೆ, ಸಹ್ಯಾದ್ರಿಯ ಮರಾಠಿ ಕಡೆ ಅವನ್ನೇ ದೇವರಾಯಿ ಎನ್ನುತ್ತಾರೆ. ಜೀವವೈವಿಧ್ಯದ ಕಣಜ, ಪೂರ್ವಿಕರ ವಿವೇಕ, ಎಲ್ಲ ನಿಜ. ಅವುಗಳಲ್ಲಿ ಎಷ್ಟೋ ಕಡೆ ಹೆಣ್ಣು ಒಳಗೆ ಕಾಲಿಡುವ ಹಾಗಿಲ್ಲ, ಇದೂ ನಿಜ. ಎರಡನೆಯ ನಿಜವನ್ನು ಅಡಿಟಿಪ್ಪಣಿಗೆ ತಳ್ಳಿ ಮೊದಲನೆಯದಕ್ಕೆ ಪ್ರಶಸ್ತಿ ಕೊಡುತ್ತೇವೆ. ಒಬ್ಬಳು ಕಾಡಿನ ತಾಯಿಯಾಗಿದ್ದರೆ ಆಕೆಯ ಮನೆಯೊಳಗೆ ಆಕೆಗೇ ಯಾಕಪ್ಪಾ ಬೀಗ?

ಭೂಮಿಯ ಲೆಕ್ಕ ಇನ್ನೂ ಕಹಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಅವರದು ರೂಢಿಯ ಕಾನೂನು. ಆ ರೂಢಿಯಲ್ಲಿ ಮಗಳಿಗೆ ಪಾಲಿಲ್ಲ ಎಂದು ಬಿಹಾರದ ಆದಿವಾಸಿ ಹೆಂಗಸರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಾಗ, 1996ರಲ್ಲಿ ಮಧು ಕಿಶ್ವರ್ ಪ್ರಕರಣದಲ್ಲಿ ಕೋರ್ಟಿನ ಬಹುಮತ ಆ ಕಟ್ಟಳೆಯನ್ನು ಹೊಡೆದುಹಾಕಲು ಹಿಂಜರಿಯಿತು. ಹೊಟ್ಟೆಪಾಡಿಗಾಗಿ ನೆಲದ ಮೇಲೆ ಉಳಿಯಬಹುದು ಎಂಬಷ್ಟು ರಿಯಾಯಿತಿ ಕೊಟ್ಟು ಕಳಿಸಿತು. ಅಲ್ಲಿಂದ 29 ವರ್ಷ ಬೇಕಾಯಿತು. 2025ರ ಜುಲೈಯಲ್ಲಿ ಛತ್ತೀಸಗಢದ ಒಂದು ಗೊಂಡ ಕುಟುಂಬದ ವ್ಯಾಜ್ಯದಲ್ಲಿ ಅದೇ ಕೋರ್ಟು, ಹೆಣ್ಣಿಗೆ ಪಾಲು ಕೊಡಬೇಡಿ ಎನ್ನುವ ರೂಢಿಯನ್ನು ಯಾರೂ ರುಜುವಾತು ಮಾಡಿಲ್ಲ, ಹೆಣ್ಣೆಂಬ ಕಾರಣಕ್ಕೆ ಪಾಲು ತಪ್ಪಿಸುವುದು ಸಮಾನತೆಯ ಉಲ್ಲಂಘನೆ ಎಂದು ತೀರ್ಪು ಕೊಟ್ಟಿತು. ಭೇದವೇ ಇಲ್ಲದ ಸಮಾಜದ ಹೆಂಗಸು ದೆಹಲಿಯ ತನಕ ಯಾಕೆ ಹೋಗಬೇಕಾಯಿತು? ದೇಶ ನೋಡುವ ಆಸೆಗೇ?

ಇಷ್ಟು ಹೇಳಿದರೆ ಮಿತ್ರರು ಇನ್ನೊಂದು ಗುರಾಣಿ ಹಿಡಿಯುತ್ತಾರೆ: 'ಅದು ಅವರ ಸಂಪ್ರದಾಯ, ಸಾವಿರಾರು ವರ್ಷದ್ದು, ಹೊರಗಿನವರು ಬದಲಿಸಬಾರದು.' ಸಂಪ್ರದಾಯ ಬದಲಾಗುವುದಿಲ್ಲವೇ? ವಾರಲಿ ಚಿತ್ರವನ್ನೇ ನೋಡಿ. ಈಗ ಮುಂಬಯಿಯ ಹೋಟೆಲುಗಳಿಂದ ಹಿಡಿದು ನಮ್ಮೂರ ಮದುವೆಯ ಕರೆಯೋಲೆಗಳ ಮೇಲೂ ಇರುವ ಆ ಬಿಳಿಗೆರೆಯ ಮನುಷ್ಯರು. ಅದು ಹೆಂಗಸರ ಚಿತ್ರ. ಮದುವೆಯ ಹೊತ್ತಿಗೆ ಮುತ್ತೈದೆಯರು ಮನೆಯ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುತ್ತಿದ್ದರು. ಆ ಮದುವೆಯನ್ನು ನಡೆಸಿಕೊಡುತ್ತಿದ್ದವಳೂ ಧವಳೇರಿ ಎಂಬ ಹೆಣ್ಣು ಪುರೋಹಿತೆ. 1970ರ ದಶಕದಲ್ಲಿ ಭಾಸ್ಕರ ಕುಲಕರ್ಣಿ ಎಂಬ ಕಲಾವಿದರು ಕಾಗದ ಬಣ್ಣ ಕೊಂಡೊಯ್ದರು. ಗೋಡೆಯಿಂದ ಚಿತ್ರ ಕಾಗದಕ್ಕಿಳಿಯಿತು, ಕಾಗದದ ಜೊತೆ ದುಡ್ಡು ಬಂತು, ದುಡ್ಡಿನ ಜೊತೆ ಕುಂಚ ಗಂಡಸರ ಕೈಗೆ ಹೋಯಿತು. ಜಿವ್ಯಾ ಸೋಮಾ ಮಶೆಯವರು ದೊಡ್ಡ ಕಲಾವಿದರು, 2011ರಲ್ಲಿ ಅವರಿಗೆ ಬಂದ ಪದ್ಮಶ್ರೀ ಅರ್ಹವಾದದ್ದೇ. ನನ್ನ ಪ್ರಶ್ನೆ ಅವರಿಗಲ್ಲ. ಗಂಡಸು ಕುಂಚ ಹಿಡಿದ ದಿನ 'ಅಯ್ಯೋ, ಸಂಪ್ರದಾಯ ಕೆಟ್ಟಿತು' ಎಂದು ಯಾರಾದರೂ ಅತ್ತರೇ? ಇಲ್ಲ. ಅದು ಬೆಳವಣಿಗೆ. ಹೆಣ್ಣು ರಿಜಿಸ್ಟರಿಗೆ ಪೆನ್ನು ಹಿಡಿಯುತ್ತೇನೆ ಎಂದರೆ ಮಾತ್ರ ಅದು ಪರಂಪರೆಯ ಮೇಲಿನ ದಾಳಿ. ಸಂಪ್ರದಾಯ ಒಂದು ಬಾಗಿಲಿದ್ದ ಹಾಗೆ. ದುಡ್ಡು ಹೊರಗೆ ಬರುವಾಗ ಗಂಡಸಿಗೆ ತೆರೆಯುತ್ತದೆ, ಹೆಂಗಸು ಒಳಗೆ ಬರುವಾಗ ಚಿಲಕ ಬೀಳುತ್ತದೆ. ಧವಳೇರಿಯ ಅಧಿಕಾರವನ್ನು ಎತ್ತಿಹಿಡಿಯುವ ಪರಂಪರಾಪ್ರೇಮಿ ಇದ್ದರೆ ಹೇಳಿ, ನಾನೇ ಹೋಗಿ ಕೈಮುಗಿಯುತ್ತೇನೆ. ಇವರು ಕಾಪಾಡುವುದು ರೂಢಿಯನ್ನಲ್ಲ, ರೂಢಿಯೊಳಗಿಂದ ತಮಗೆ ಬೇಕಾದಷ್ಟನ್ನು.

ಹೆಣ್ಣು ಹುಟ್ಟಿನಿಂದಲೇ ಪ್ರಕೃತಿಗೆ ಹತ್ತಿರ ಎಂಬ ಮಾತಂತೂ ಪುಸ್ತಕವಾಗಿ ಬಂದು ಜಗತ್ತು ಸುತ್ತಿದೆ. ವಂದನಾ ಶಿವ 1988ರಲ್ಲಿ ಅದನ್ನು ಬರೆದರು. ನಾಲ್ಕು ವರ್ಷದ ನಂತರ ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್ ಅದಕ್ಕೆ ಕೊಟ್ಟ ಉತ್ತರವನ್ನು ನಮ್ಮ ಭಾಷಣಕಾರರು ಓದಿದಂತಿಲ್ಲ. ಹೆಣ್ಣಿಗೆ ಕಾಡು ಬೇಕಾಗಿರುವುದು ಗರ್ಭಾಶಯವಿದೆ ಎಂದಲ್ಲ, ಒಲೆಗೆ ಕಟ್ಟಿಗೆ ತರುವ ಕೆಲಸ ಅವಳ ತಲೆಗೆ ಕಟ್ಟಿದ್ದಾರೆ ಎಂದು, ಅವಳ ಹೆಸರಿಗೆ ಹೊಲವಿಲ್ಲ ಎಂದು. ಇಷ್ಟು ಸರಳ. ಅದೇ ಅಗರವಾಲ್ ಗುಜರಾತಿನ, ನೇಪಾಳದ ಸಮುದಾಯ ಕಾಡುಗಳನ್ನು ವರ್ಷಗಟ್ಟಲೆ ನೋಡಿ ಬರೆದದ್ದು ಇನ್ನೂ ಮುಳ್ಳಿನಂಥದ್ದು. ಊರವರೇ ಕಾಡು ಕಾಯಲು ಸಮಿತಿ ಮಾಡುತ್ತಾರೆ. ಸಮಿತಿಯಲ್ಲಿ ಗಂಡಸರು. ಕಾಡು ಚಿಗುರಲಿ ಎಂದು ಒಳಗೆ ಹೋಗುವುದನ್ನೇ ನಿಷೇಧಿಸುತ್ತಾರೆ. ಗಂಡಸಿಗೆ ಬೇಕಾದದ್ದು ಹತ್ತು ವರ್ಷಕ್ಕೊಮ್ಮೆ ಒಂದು ತೊಲೆ, ಕಾಯಬಲ್ಲ. ಹೆಂಗಸಿಗೆ ಬೇಕಾದದ್ದು ಇವತ್ತು ಸಂಜೆಯ ಒಲೆಗೆ ಕಟ್ಟಿಗೆ. ಅವಳು ಮೈಲುಗಟ್ಟಲೆ ದೂರ ಹೋಗುತ್ತಾಳೆ, ಕುಳ್ಳು ಕಡ್ಡಿ ಉರಿಸಿ ಹೊಗೆ ಕುಡಿಯುತ್ತಾಳೆ, ಇಲ್ಲವೇ ಕದ್ದು ಕಾಡಿಗೆ ಹೋಗಿ ಸಿಕ್ಕಿಬಿದ್ದು ದಂಡ ಕಟ್ಟುತ್ತಾಳೆ. ಸಮುದಾಯ ಕಾಡು ಉಳಿಯಿತು, ಫೋಟೋ ಬಂತು. ಕಾಡಿನ ತಾಯಿ ತನ್ನದೇ ಊರಿನ ದಾಖಲೆಯಲ್ಲಿ ಕಾಡುಗಳ್ಳಿಯಾದಳು.

ಚಿಪ್ಕೋ ಚಳವಳಿಯ ಕತೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. 1974ರ ಮಾರ್ಚ್‌ನಲ್ಲಿ ರೇಣಿ ಎಂಬ ಭೋಟಿಯಾ ಊರಿನಲ್ಲಿ ಗೌರಾದೇವಿ ಮತ್ತು ಸಂಗಡಿಗರು ಮರ ಕಡಿಯಲು ಬಂದವರನ್ನು ತಡೆದರು. ಅಂದು ಊರ ಗಂಡಸರು ಪರಿಹಾರದ ದುಡ್ಡಿನ ಮಾತಿಗೆಂದು ಪಟ್ಟಣಕ್ಕೆ ಹೋಗಿದ್ದರು ಎಂಬ ಸಾಲನ್ನು ಪಠ್ಯದಲ್ಲಿ ಬೇಗ ಬೇಗ ಓದಿ ಮುಗಿಸುತ್ತೇವೆ. ಅದಾಗಿ ಆರು ವರ್ಷಕ್ಕೆ ಅದೇ ಸೀಮೆಯ ಡುಂಗ್ರಿ ಪೈಂತೋಲಿಯಲ್ಲಿ ನಡೆದದ್ದಂತೂ ಪಠ್ಯಕ್ಕೆ ಬರುವುದೇ ಇಲ್ಲ. ಅಲ್ಲಿ ಓಕ್ ಕಾಡನ್ನು ಆಲೂಗಡ್ಡೆ ತೋಟಕ್ಕೆ ಬಿಟ್ಟುಕೊಡಲು ಒಪ್ಪಿದ್ದು ಊರ ಪಂಚಾಯಿತಿಯೇ, ಅಂದರೆ ಊರ ಗಂಡಸರೇ. ಹೆಂಗಸರು ನಿಂತದ್ದು ಹೊರಗಿನ ಗುತ್ತಿಗೆದಾರನ ಎದುರಲ್ಲ, ತಮ್ಮ ಗಂಡ ಮಾವಂದಿರ ಎದುರು. 'ಸಮುದಾಯ' ಎಂಬ ಪದವನ್ನು ಒಂದೇ ಬಾಯಿ ಒಂದೇ ಹೊಟ್ಟೆ ಎಂಬಂತೆ ಬಳಸುವವರು ಆ ಬೆಟ್ಟ ಹತ್ತಿ ಬರಲಿ.

ಅಂಕೋಲೆಯ ತುಳಸಿ ಗೌಡರನ್ನು ಮರೆಯಲಾರೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಹಾಲಕ್ಕಿ ಅಜ್ಜಿ. ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಜಮಖಾನೆಯ ಮೇಲೆ ನಡೆದು ಪದ್ಮಶ್ರೀ ಪಡೆದ ಆ ಚಿತ್ರ ನೋಡಿ ನಾವೆಲ್ಲ ಕಣ್ಣೊರೆಸಿಕೊಂಡೆವು, ಮೊಬೈಲಿನಲ್ಲಿ ಹಂಚಿಕೊಂಡೆವು, 'ಕಾಡಿನ ವಿಶ್ವಕೋಶ' ಎಂದು ಶೀರ್ಷಿಕೆ ಕೊಟ್ಟೆವು. ಆ ವಿಶ್ವಕೋಶ ಅರಣ್ಯ ಇಲಾಖೆಯ ಸಸಿತೋಟದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ದಿನಗೂಲಿಯಾಗಿ ದುಡಿಯಿತು. ತಾಯಿಮರ ಯಾವುದು, ಬೀಜ ಯಾವಾಗ ಹೆಕ್ಕಬೇಕು ಎಂದು ಬಲ್ಲ ಆ ಹೆಂಗಸಿಗೆ ಯಾವ ಜಾಗದಲ್ಲಿ ಏನು ನೆಡಬೇಕು ಎಂದು ತೀರ್ಮಾನಿಸುವ ಕುರ್ಚಿ ಕೊಡಬಹುದಿತ್ತಲ್ಲ ಎಂದು ನಾವು ಒಬ್ಬರೂ ಕೇಳಲಿಲ್ಲ. ವಿಶ್ವಕೋಶವನ್ನು ಕಪಾಟಿನಲ್ಲಿಡುತ್ತಾರೆ, ಮೇಜಿಗೆ ಕರೆಯುವುದಿಲ್ಲ.

'ಮೊದಲು ಕಾಡು ಸರ್ಕಾರದ ಕೈಯಿಂದ ಜನರ ಕೈಗೆ ಬರಲಿ' ಎಂಬುದು ಕೊನೆಯ ಕೋಟೆ. ಅದನ್ನು ಹೇಳುವವರು ನನ್ನ ಸ್ನೇಹಿತರೇ, ಲಾಠಿ ತಿಂದವರು. ಅವರಿಗೇ ಹೆಚ್ಚು ಖಾರವಾಗಿ ಹೇಳಬೇಕು. ಬಂತಲ್ಲ ಸ್ವಾಮಿ, ಕಾಡು ಜನರ ಕೈಗೆ! 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. 2009ರಲ್ಲಿ ಗಡಚಿರೋಲಿಯ ಮೇಂಢಾ ಲೇಖಾಕ್ಕೆ ಸುಮಾರು 1,800 ಹೆಕ್ಟೇರ್ ಸಮುದಾಯ ಅರಣ್ಯ ಸಿಕ್ಕಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ, ಹುಲಿ ಮೀಸಲಿನೊಳಗೇ, ಹಕ್ಕುಪತ್ರ ಬಂತು. ಕಾಯ್ದೆ ಗ್ರಾಮಸಭೆ ಎಂದರೆ ಏನೆಂದು ಹೇಳುವಾಗಲೇ ಹೆಂಗಸರ ಪೂರ್ಣ, ಅಡೆತಡೆಯಿಲ್ಲದ ಭಾಗವಹಿಸುವಿಕೆ ಇರಬೇಕು ಎಂದಿದೆ. ಊರಿನ ಅರ್ಧ ಜನ ಸೇರದೆ ಕೋರಂ ಇಲ್ಲ, ಸೇರಿದವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಲೇಬೇಕು. ಹಕ್ಕು ಸಮಿತಿಯಲ್ಲೂ ಮೂರನೆಯ ಒಂದು ಪಾಲು. ಪಟ್ಟಾ ಗಂಡ ಹೆಂಡತಿ ಇಬ್ಬರ ಹೆಸರಿಗೆ. ಕಾನೂನಿಗೇ ಇಷ್ಟು ಹೊಳೆದಿತ್ತು. ಅದಕ್ಕಿಂತ ಮುಂದೆ ಇರಬೇಕಾದ ಚಳವಳಿಗಾರನಿಗೆ ಇನ್ನೂ 'ಆಮೇಲೆ'!

ಕಾನೂನಿನಲ್ಲೂ ಒಂದು ಕಿಂಡಿ ಇದೆ, ಅದರಲ್ಲಿ ಆನೆಯೇ ತೂರಬಹುದು. ಹಕ್ಕು ಗುರುತಿಸುವ ಸಮಿತಿಗೆ ಹೆಂಗಸರ ಅಂಕಿ ಬರೆದವರು, ಹಕ್ಕು ಸಿಕ್ಕ ಮೇಲೆ ಕಾಡು ನೋಡಿಕೊಳ್ಳುವ ಸಮಿತಿಯ ಬಗ್ಗೆ ಹೇಳುವ ನಿಯಮದಲ್ಲಿ 'ಗ್ರಾಮಸಭೆಯ ಸದಸ್ಯರೊಳಗಿಂದ' ಎಂದಷ್ಟೇ ಬರೆದು ಪೆನ್ನು ಮುಚ್ಚಿದರು. ಅರ್ಜಿ ಹಾಕುವಾಗ ಅವಳ ಹೆಬ್ಬೆಟ್ಟು ಬೇಕು, ಬಿದಿರು ಮಾರುವಾಗ ಬೇಡ. ಒಂಟಿ ಹೆಂಗಸಿನ ಗತಿಯೂ ಹಾಗೆಯೇ. ಮನೆಯ ಯಜಮಾನಿಯಾದ ವಿಧವೆಗೆ ಪಟ್ಟಾ ಉಂಟು. ಅಣ್ಣನ ಮನೆಯ ಮೂಲೆಯಲ್ಲಿ ಇರುವ ಮದುವೆಯಾಗದವಳು, ಗಂಡ ಬಿಟ್ಟವಳು ಯಾರ ಲೆಕ್ಕ? ಇಡೀ ಬೇಸಿಗೆ ಎಲೆ ಕಿತ್ತವಳು ಅವಳೇ.

ಸಭೆಯಲ್ಲಿ ಹೆಂಗಸರು ಇದ್ದರೂ ಬಾಯಿ ಬಿಡುವುದಿಲ್ಲವಲ್ಲ ಎನ್ನುತ್ತಾರೆ. ಬಾಗಿಲ ಹೊರಗೆ, ಗೋಡೆಗೆ ಒರಗಿ, ಸೆರಗು ಹೊದ್ದು ಕೂರಿಸಿ, ಅಡಿಗೆಯ ಹೊತ್ತಿಗೆ ಸಭೆ ಇಟ್ಟು, ಮಾತಾಡಿದರೆ 'ನಿನಗೇನ್ ತಿಳೀತದ ಸುಮ್ಮ ಕೂಡ' ಎಂದು ಗದರಿಸಿ, ಆಮೇಲೆ ಮೌನದ ಮೇಲೆ ಪ್ರಬಂಧ ಬರೆಯುತ್ತೀರಿ! ಸಮಿತಿಯಲ್ಲಿ ಹೆಂಗಸರು ನಾಲ್ಕನೆಯ ಒಂದರಿಂದ ಮೂರನೆಯ ಒಂದು ಪಾಲಿನ ಹೊತ್ತಿಗೆ ಬಂದರೆ ಅವರು ಬರುತ್ತಾರೆ, ಮಾತಾಡುತ್ತಾರೆ, ಪದಾಧಿಕಾರ ಹಿಡಿಯುತ್ತಾರೆ ಎಂದು ಅಗರವಾಲ್ ಎಣಿಸಿ ತೋರಿಸಿದ್ದಾರೆ. ಒಬ್ಬಳನ್ನು ಇಟ್ಟರೆ ಬೊಂಬೆ, ಐವರನ್ನಿಟ್ಟರೆ ಜಗಳ. ನನಗೆ ಬೇಕಾದದ್ದು ಆ ಜಗಳ. ಗಡಚಿರೋಲಿಯ ಹೆಂಗಸರು ಹಾಗೆ ಜಗಳವಾಡಿದ್ದರಿಂದಲೇ 1993ರಲ್ಲಿ ಆ ಜಿಲ್ಲೆಗೆ ಪಾನನಿಷೇಧ ಬಂತು. ಬಾಯಿಲ್ಲದವರು ಎಂದಿರಾ?

ದೂರದ ಕಾಡಿನ ಮಾತು ಸಾಕು. ನಮ್ಮದೇ ಮಾಳಕ್ಕೆ ಬರುತ್ತೇನೆ. ಸೊಲ್ಲಾಪುರದವರಿಗೆ ಕಾಡಿಲ್ಲದಿದ್ದರೂ ಹುಲ್ಲುಗಾವಲಿದೆ, ನಾನ್ನಜ ಇದೆ, ಮಾಳಢೋಕ ಹಕ್ಕಿಯ ಹೆಸರಿನ ಅಭಯಾರಣ್ಯ ಇದೆ. 1979ರಲ್ಲಿ ಅದನ್ನು ಘೋಷಿಸಿದಾಗ ಅದರ ವ್ಯಾಪ್ತಿ ಸುಮಾರು 8,500 ಚದರ ಕಿಲೋಮೀಟರು, ಸೊಲ್ಲಾಪುರ ಮತ್ತು ಅಹಮದನಗರ ಎರಡೂ ಜಿಲ್ಲೆಗಳಲ್ಲಿ. ಮೂರು ದಶಕ ಕಳೆದ ಮೇಲೆ ಅದನ್ನೇ 1,200ರ ಆಸುಪಾಸಿಗೆ ಇಳಿಸಿದರು. ಬರೆದದ್ದೂ ಅಳಿಸಿದ್ದೂ ಕಚೇರಿಯಲ್ಲಿ. ಆ ಹುಲ್ಲಿನ ಜೊತೆ ತಲೆಮಾರುಗಳಿಂದ ಬಾಳಿದವರು ಧನಗರರು, ನಮ್ಮ ಮಾತಿನಲ್ಲಿ ಕುರುಬರು, ಹಾಲುಮತದವರು. ಮಂಗಳವೇಡೆಯ ಹುಲಜಂತಿಯಲ್ಲಿ ದೀಪಾವಳಿಯ ಅಮಾವಾಸ್ಯೆಗೆ ಮಾಳಿಂಗರಾಯನ ಪಲ್ಲಕ್ಕಿಗಳ ಭೇಟಿ ನೋಡಲು ಗಡಿಯ ಎರಡೂ ಕಡೆಯ ಜನ ಸೇರುತ್ತಾರೆ, ಡೊಳ್ಳು ಬಾನಿಗೆ ಮುಟ್ಟುತ್ತದೆ. ಡೊಳ್ಳು ಹೊಡೆಯುವವರು ಗಂಡಸರು, ಪಲ್ಲಕ್ಕಿ ಹೊರುವವರು ಗಂಡಸರು, ಯಾವ ಮಾಳದಲ್ಲಿ ಯಾವ ಹಿಂಡು ಎಂದು ಮಾತಾಡುವವರು ಗಂಡಸರು. ಉಣ್ಣೆಯ ನೂಲು ತೆಗೆಯುವವಳು ಹೆಂಗಸು, ಕಂಬಳಿ ನೇಯ್ದು ಸಂತೆಗೆ ಒಯ್ಯುವವನು ಗಂಡಸು. ಹಿಂಡು ಊರು ಬಿಟ್ಟು ಹೊರಟಾಗ ಬಯಲಲ್ಲಿ ಒಲೆ ಹೂಡಿ, ಕೂಸು ಮತ್ತು ಕುರಿಮರಿ ಎರಡನ್ನೂ ಒಂದೇ ತೊಡೆಯ ಮೇಲೆ ಸಾಕುವವಳನ್ನು ಹುಲ್ಲಿನ ಬಗ್ಗೆ ಕೇಳಿದವರು ಯಾರು? ಹಕ್ಕು ಕಾಯ್ದೆಯಲ್ಲಿ ಅಲೆಮಾರಿ ಪಶುಪಾಲಕರಿಗೆ ಋತುವಿಗೆ ತಕ್ಕಂತೆ ಮೇವಿನ ಹಕ್ಕೂ ಇದೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಹಳದಿ ಬಾವುಟ ಹಿಡಿದು ಲಕ್ಷ ಜನ ರಸ್ತೆಗಿಳಿಯುವ ನಮ್ಮ ಧನಗರ ಮುಖಂಡರು ಆ ಹಕ್ಕಿನ ಅರ್ಜಿಯಲ್ಲಿ ಹೆಂಗಸರ ಹೆಸರು ಬರೆಯಬೇಕೆಂದು ಒಂದು ಸಣ್ಣ ಸಭೆಯನ್ನಾದರೂ ಮಾಡಲಿ, ನೋಡೋಣ.

ಹೆಸರಿಗೇನೂ ಬರವಿಲ್ಲ. 2019ರಲ್ಲಿ ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ ಅಹಿಲ್ಯಾದೇವಿ ಹೋಳ್ಕರ್ ಹೆಸರಿಟ್ಟರು. 2024ರಲ್ಲಿ ಅಹಮದನಗರವೇ ಅಹಿಲ್ಯಾನಗರವಾಯಿತು. ರಾಜ್ಯ ಆಳಿದ ಧನಗರ ಹೆಣ್ಣುಮಗಳು ಆಕೆ. ಅಭಯಾರಣ್ಯ ಹರಡಿರುವ ಎರಡು ಜಿಲ್ಲೆಗಳಲ್ಲಿ ಒಂದು ಆಕೆಯ ಹೆಸರಿನದು, ಇನ್ನೊಂದರ ವಿಶ್ವವಿದ್ಯಾಲಯ ಆಕೆಯ ಹೆಸರಿನದು. ಹೆಸರು ಹೆಂಗಸಿನದು, ಹುಲ್ಲು ಗಂಡಸಿನದು! ಕಮಾನಿನ ಮೇಲೆ ಬರೆಯಲು ಹೆಣ್ಣು ಬೇಕು, ಕಾಗದದ ಕೆಳಗೆ ಸಹಿ ಹಾಕಲು ಬೇಡ. ಸೊನ್ನಲಿಗೆಯ ಸಿದ್ಧರಾಮ ಹೆಣ್ಣನ್ನು ಸಾಕ್ಷಾತ್ ದೈವವೆಂದ ವಚನವನ್ನು ಹೇಳದೆ ನಮ್ಮಲ್ಲಿ ಒಂದು ಮಹಿಳಾ ದಿನವೂ ಮುಗಿಯುವುದಿಲ್ಲ. ಸಿದ್ಧರಾಮ ಕೆರೆಯನ್ನೂ ಕಟ್ಟಿಸಿದ. ನಾವು ವಚನವನ್ನಷ್ಟೇ ಇಟ್ಟುಕೊಂಡೆವು.

ಫಾಸೆ ಪಾರ್ಧಿಗಳ ಮಾತು ಹೇಳಲೇಬೇಕು. ಬೇಟೆಯ ಉರುಲಿನಿಂದ ಹೆಸರು ಪಡೆದ ಈ ಜನರನ್ನು, ಕರ್ನಾಟಕದ ಕಡೆ ಹರಣಶಿಕಾರಿಗಳೆಂದು ಕರೆಯುವವರನ್ನು, ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಹುಟ್ಟುಗಳ್ಳರೆಂದು ಬರೆದರು, ಸೊಲ್ಲಾಪುರದಲ್ಲೇ ತಂತಿಬೇಲಿಯ ಸೆಟ್ಲಮೆಂಟಿತ್ತು. 1972ರ ವನ್ಯಜೀವಿ ಕಾಯ್ದೆ ಅವರ ಬೇಟೆಯನ್ನೂ ಅಪರಾಧ ಮಾಡಿತು. ಅವರಿಗೆ ಆದ ಅನ್ಯಾಯದ ಬಗ್ಗೆ ಎಷ್ಟು ಬರೆದರೂ ಕಡಿಮೆ. ಆದರೆ ಪೊಲೀಸರ ಹೊಡೆತ ತಿಂದ ಅದೇ ಹೆಂಗಸು ತನ್ನ ಜಾತಿ ಪಂಚಾಯಿತಿಯ ಮುಂದೆ ಶೀಲ ಸಾಬೀತು ಮಾಡಲು ಕಾಯಿಸಿದ ಕಬ್ಬಿಣ ಹಿಡಿಯಬೇಕಾದ, ಕುದಿಯುವ ಎಣ್ಣೆಗೆ ಕೈ ಅದ್ದಬೇಕಾದ ದಿನಗಳೂ ಇದ್ದವು. ತೀರ್ಪು ಹೇಳುವ ಪಂಚರೆಲ್ಲ ಗಂಡಸರು. ಅವಳ ಬೆನ್ನ ಮೇಲಿನ ಬರೆ ಸರ್ಕಾರದ್ದು, ಅಂಗೈಯ ಮೇಲಿನ ಬೊಬ್ಬೆ ಸ್ವಂತದವರದ್ದು. ಒಂದನ್ನು ತೋರಿಸಲು ಇನ್ನೊಂದನ್ನು ಮುಚ್ಚಿಡು ಎನ್ನುವ ನ್ಯಾಯ ಯಾವ ಸೀಮೆಯದು? ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರ ನಿಷೇಧ ಕಾನೂನು ಮಾಡಿದಾಗ ಆಕಾಶವೇನೂ ಬೀಳಲಿಲ್ಲ, ಪರಂಪರೆಯೂ ಸಾಯಲಿಲ್ಲ.

ಹಾಗಾಗಿ ಮೈಕು ಹಿಡಿಯುವ ಹಿರಿಯರೇ, ಅಧಿಕಾರಿಗಳೇ, ಹೋರಾಟದ ಸಂಗಾತಿಗಳೇ, ಇನ್ನು ಆ 'ತಾಯಿ' ಪದವನ್ನು ಸ್ವಲ್ಪ ದಿನ ಗಂಟು ಕಟ್ಟಿಡಿ. ಕಾಡು ನೋಡಿಕೊಳ್ಳುವ ಸಮಿತಿಯಲ್ಲಿ ಅರ್ಧ ಹೆಂಗಸರು ಎಂದು ನಿಯಮಕ್ಕೇ ಬರೆಯಿಸಿ. ಮೂರನೆಯ ಒಂದು ಪಾಲು ಹೆಂಗಸರು ಕೂರದ ಗ್ರಾಮಸಭೆಯ ಠರಾವು ಕಡತಕ್ಕೆ ಬಂದರೆ ಹಾಗೆಯೇ ಹಿಂದಕ್ಕೆ ಕಳಿಸಿ. ಸದಸ್ಯತ್ವ ಮನೆಗಲ್ಲ, ತಲೆಗೆ. ಅಣ್ಣನ ಮನೆಯ ಮೂಲೆಯಲ್ಲಿರುವವಳ ತಲೆಗೂ. ಎಲೆಯ ದುಡ್ಡು ಕಿತ್ತವಳ ಖಾತೆಗೇ ಬೀಳಲಿ, ಗಂಡನ ಖಾತೆಗಲ್ಲ, ಸಂಘದ ಖಾತೆಗೂ ಅಲ್ಲ. ಗುತ್ತಿಗೆದಾರನೊಡನೆ ದರದ ಮಾತಿಗೆ ಎಲೆ ಕೀಳುವವರೇ ಕೂರಲಿ. ಅವರ ಪಕ್ಕದಲ್ಲಿ ಕೂರಲು ಸೊಲ್ಲಾಪುರದಿಂದ ಬೀಡಿ ಕಟ್ಟುವ ನಾಲ್ವರನ್ನು ಕರೆದೊಯ್ಯಿರಿ, ಚೌಕಾಶಿ ಎಂದರೇನೆಂದು ಅವರಿಗೆ ಗೊತ್ತಿದೆ. ಕುರ್ಮಾ ಘರವನ್ನು ಕೆಡವಲಾಗದ ಊರು ಕಾಡು ಉಳಿಸಿದ ಪ್ರಶಸ್ತಿಗೆ ಅರ್ಜಿ ಹಾಕದಿರಲಿ. ನಾನ್ನಜದ ಹುಲ್ಲಿನ ಮುಂದಿನ ಯೋಜನೆ ಬರೆಯುವ ದಿನ ಕುರುಬರ ಹಟ್ಟಿಯ ಹೆಂಗಸರು ಮೇಜಿನ ಸುತ್ತ ಇರಲಿ, ಚಹಾ ಕೊಡಲು ಅಲ್ಲ.

ಮುಂದಿನ ಆಗಸ್ಟ್ 9ರಂದು ನನ್ನನ್ನೂ ಕರೆಯಿರಿ, ಬರುತ್ತೇನೆ. ಶಾಲು ಬೇಡ, ಹಾರ ಬೇಡ. ಹಕ್ಕು ಸಿಕ್ಕ ಯಾವುದಾದರೂ ಒಂದು ಊರಿನ ಗ್ರಾಮಸಭೆಯ ರಿಜಿಸ್ಟರನ್ನು ತರಿಸಿ ವೇದಿಕೆಯ ಮೇಲಿಡಿ. ಎಲೆಯ ದರ ಗೊತ್ತುಮಾಡಿದ ಸಭೆಯ ಪುಟ ತೆಗೆದು, ಅಲ್ಲಿರುವ ಹೆಂಗಸರ ಸಹಿಗಳನ್ನು ಎಲ್ಲರ ಮುಂದೆ ಜೋರಾಗಿ ಓದೋಣ. ಎಷ್ಟು ಹೊತ್ತು ಹಿಡಿಯುತ್ತದೋ ನೋಡೋಣ.